ಹಳೇ ಸ್ಪೀಕರ್ ತಗೊಳ್ಳೋ ಮುಂಚೆ ಅಂಚು ಮುಟ್ಟಿ ನೋಡಿ

ಪ್ರಶ್ನೆ: ನಮ್ದು ಸಾಗರ. ಅಪ್ಪ 1990ರ ಸುಮಾರಿಗೆ ತಗೊಂಡಿದ್ದ ಸ್ಟೀರಿಯೋ ಆಂಪ್ಲಿಫೈಯರ್ ಅಟ್ಟದ ಮೇಲಿತ್ತು, ರಿಪೇರಿ ಮಾಡಿಸಿದೆ, ಈಗ ಚೆನ್ನಾಗಿ ಹಾಡ್ತಿದೆ. ಹಿಂದ್ಗಡೆ 25 ವ್ಯಾಟ್, 8 ಓಮ್ ಅಂತ ಬರೆದಿದೆ. ಜೊತೆಗಿದ್ದ ಸ್ಪೀಕರ್‌ಗಳ ಕೋನನ್ನ ಇಲಿ ತಿಂದು ಹಾಕಿದೆ. ರೂಮು 12 ಅಡಿಗೆ 14 ಅಡಿ. ಕೇಳೋದು ಹಿಂದೂಸ್ತಾನಿ ಗಾಯನ, ಭಾವಗೀತೆ, ಹಳೇ ಸಿನಿಮಾ ಹಾಡು, ಮಗಳು ರಜಕ್ಕೆ ಬಂದ್ರೆ ಅವಳ ಹಾಡುಗಳು. ಬಜೆಟ್ 15 ಸಾವಿರ, ತೀರಾ ಅಂದ್ರೆ 18. ಬೆಂಗಳೂರಲ್ಲಿ ಮೂರು ಸೆಕೆಂಡ್ ಹ್ಯಾಂಡ್ ನೋಡಿಟ್ಟಿದೀನಿ: 12 ಇಂಚು ವೂಫರ್ ಇರೋ ತ್ರೀ ವೇ ಟವರ್, 90ರ ದಶಕದ್ದು, 18 ಸಾವಿರ, ಆರೂವರೆ ಇಂಚು ವೂಫರಿನ ಬುಕ್‌ಶೆಲ್ಫ್ ಜೋಡಿ, 10 ವರ್ಷ ಹಳೇದು, 9 ಸಾವಿರ, ಒಂದು ಹೋಂ ಥಿಯೇಟರ್ ಸೆಟ್, 7 ಸಾವಿರ. ಯಾವುದು ತಗೊಳ್ಳಲಿ ಸರ್? ಇಲ್ಲಾ ಹೊಸದೇ ವಾಸಿನಾ?

ಉತ್ತರ: ಮೊದ್ಲು ಒಂದು ಕೇಳ್ಬಿಡ್ತೀನಿ, ಆ ಇಲಿ ತಿಂದ ಜೋಡಿನ ಗುಜರಿಗೆ ಹಾಕಿಲ್ಲ ತಾನೆ? ಹಾಕ್ಬೇಡಿ, ಆಮೇಲೆ ಅದಕ್ಕೆ ಬರ್ತೀನಿ.

ನಿಮ್ಮ ಮೂರರಲ್ಲಿ ನನ್ನ ಓಟು ಬುಕ್‌ಶೆಲ್ಫ್ ಜೋಡಿಗೆ. ಕಣ್ಮುಚ್ಕೊಂಡು ಅಲ್ಲ, ಹೋಗಿ ಮುಟ್ಟಿ ನೋಡಿ ಕೇಳಿ ಸರಿ ಇದ್ರೆ ಮಾತ್ರ. ಹೋಂ ಥಿಯೇಟರ್ ಸೆಟ್ ಮರ್ತೇಬಿಡಿ. ಅದರ ಪುಟಾಣಿ ಡಬ್ಬಿಗಳಲ್ಲಿ ಇರೋದು ಎರಡೂವರೆ ಮೂರು ಇಂಚಿನ ಕೋನು, ಗಂಡು ದನಿಯ ಕೆಳಭಾಗ ಅದರಿಂದ ಬರೋದೇ ಇಲ್ಲ, ಅದನ್ನೆಲ್ಲ ಸಬ್‌ವೂಫರ್ ಅನ್ನೋ ಬೇಸ್ ಪೆಟ್ಟಿಗೆ ಹೊತ್ಕೋಬೇಕು, ಆ ಸಬ್‌ವೂಫರ್ ಓಡೋದು ಸೆಟ್ಟಿನ ಸ್ವಂತ ಆಂಪ್ಲಿಫೈಯರ್ ಜೊತೆ. ಮೇಲಾಗಿ ಅಂಥ ಸೆಟ್‌ಗಳ ಸ್ಪೀಕರ್ ಎಷ್ಟೋ ಸಲ 3 ಓಮ್, 4 ಓಮ್ ಇರ್ತವೆ. ಓಮ್ ಅಂದ್ರೆ ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆ, ಅಂಕಿ ಕಮ್ಮಿ ಆದಷ್ಟು ಕರೆಂಟ್ ಜಾಸ್ತಿ ಎಳೆಯುತ್ತೆ. 8 ಓಮಿಗೆ ಅಂತ ಮಾಡಿದ ಅಪ್ಪನ ಆಂಪ್ಲಿಫೈಯರಿಗೆ ಅದನ್ನ ಸಿಕ್ಕಿಸಿ ವಾಲ್ಯೂಮ್ ಏರಿಸಿದ್ರೆ ಬಿಸಿಯಾಗಿ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಕೊಳ್ಳಬಹುದು, ರಿಪೇರಿಗೆ ಕೊಟ್ಟ ದುಡ್ಡು ನೀರಲ್ಲಿ ಹೋಮ.

ಹೊಸದು ವಾಸಿನಾ ಅಂದ್ರೆ, ಬೇರೆ ಸಾಮಾನಿನಲ್ಲಿ ಹೌದು ಅಂತಿದ್ದೆ, ಸ್ಪೀಕರಲ್ಲಿ ಮಾತ್ರ ನಾನು ಹಳೇದರ ಕಡೆ. ಸೀಡಿ ಪ್ಲೇಯರಲ್ಲಿ ಲೇಸರ್ ಸವೆಯುತ್ತೆ, ರೆಕಾರ್ಡ್ ಪ್ಲೇಯರಲ್ಲಿ ಮುಳ್ಳು ಬೆಲ್ಟು, ಬ್ಲೂಟೂತ್ ಸ್ಪೀಕರಲ್ಲಿ ಬ್ಯಾಟರಿ ಸತ್ರೆ ಕಥೆ ಮುಗೀತು. ಆಂಪ್ಲಿಫೈಯರ್ ಒಳಗಿಲ್ಲದ ಸಾದಾ ಸ್ಪೀಕರನ್ನ ಕರೆಂಟಿಗೆ ಚುಚ್ಚೋದೇ ಇಲ್ಲ. ಒಂದು ಮರದ ಪೆಟ್ಟಿಗೆ, ಎರಡು ಮೂರು ಮ್ಯಾಗ್ನೆಟ್ಟು, ತಾಮ್ರದ ಕಾಯಿಲು, ಪೇಪರಿಂದೋ ಪ್ಲಾಸ್ಟಿಕ್ಕಿಂದೋ ಕೋನು, ಹಿಂದ್ಗಡೆ ನಾಕು ಕಂಡೆನ್ಸರ್ ಎರಡು ಸುರುಳಿ ಇರೋ, ದಪ್ಪ ಸದ್ದನ್ನ ದೊಡ್ಡ ಕೋನಿನ ವೂಫರಿಗೂ ಚೂಪು ಸದ್ದನ್ನ ಪುಟ್ಟ ಟ್ವೀಟರಿಗೂ ಹಂಚೋ ಕ್ರಾಸೋವರ್, ಇಷ್ಟೇ ಸಂಸಾರ. ನೆಟ್ಟಗೆ ಇಟ್ಕೊಂಡ್ರೆ 30-40 ವರ್ಷ ಹಾಡುತ್ತೆ. 15 ಸಾವಿರಕ್ಕೆ ಹೊಸದರಲ್ಲಿ ಕಂಪನಿಯವರ ಕೆಳಗಿನ ಮೆಟ್ಟಿಲಿಂದು ಸಿಗುತ್ತೆ, ಅದೇ ದುಡ್ಡಿಗೆ ಹಳೇದರಲ್ಲಿ ಒಂದೆರಡು ಮೆಟ್ಟಿಲು ಮೇಲಿಂದು ಸಿಗುತ್ತೆ. ಹಂಗಂತ ಹಳೇದೆಲ್ಲ ಚಿನ್ನ ಅಲ್ಲ. ಈ ಇಷ್ಟೇ ಸಂಸಾರದಲ್ಲಿ ಒಂದು ಮೆಂಬರ್ ಇದಾನೆ, ಅವನು ಮಿಕ್ಕವರಿಗಿಂತ ಬಹಳ ಮುಂಚೆ ಸಾಯ್ತಾನೆ.

ವೂಫರಿನ ಕೋನು ಮತ್ತು ಕಬ್ಬಿಣದ ಚೌಕಟ್ಟಿನ ನಡುವೆ ಸುತ್ತಲೂ ಬಳೆ ಥರ ಒಂದು ಉಬ್ಬು ಪಟ್ಟಿ ಇರುತ್ತಲ್ಲ, ಅದಕ್ಕೆ ಸರೌಂಡ್ ಅಂತಾರೆ, ರಿಪೇರಿಯವರು ಎಡ್ಜ್ ಅಂತಾರೆ, ನಾವು ಅಂಚು ಅನ್ನೋಣ. ಕೋನು ಹಿಂದೆ ಮುಂದೆ ಆಡೋದು ಆ ಅಂಚು ಬಳುಕೋದರಿಂದ. ಅದನ್ನ ನಾಕು ಥರದಲ್ಲಿ ಮಾಡ್ತಾರೆ: ರಬ್ಬರು, ಫೋಮು, ಅಂಟು ಹಚ್ಚಿದ ಬಟ್ಟೆ, ಇಲ್ಲಾ ಕೋನಿನ ಪೇಪರನ್ನೇ ನೆರಿಗೆ ಹೊಡೆದು. ಬಟ್ಟೆ ಮತ್ತೆ ನೆರಿಗೆ ಪೇಪರ್ ಗಟ್ಟಿ ಜೀವ, 50 ವರ್ಷದ ಹಿಂದಿನವೂ ಇವತ್ತಿಗೂ ಹಾಡ್ತಿವೆ. ರಬ್ಬರು 25-30 ವರ್ಷ ಆರಾಮ, ಆಮೇಲೆ ಕೆಲವು ಗಡುಸಾಗ್ತವೆ. ಫೋಮು ಅಂದ್ರೆ ಪಾಲಿಯುರೇಥೇನ್, ಹಾಸಿಗೆ ದಿಂಬಿನಲ್ಲಿ ಇರ್ತದಲ್ಲ ಅದರ ತಮ್ಮ, ಗಾಳಿಯ ತೇವ ತಾಗಿ ತಾಗಿ ಒಳಗಿಂದಲೇ ಸಡಿಲ ಆಗ್ತಾ ಬರುತ್ತೆ, 15-20 ವರ್ಷಕ್ಕೆ ಬೆರಳು ಮುಟ್ಟಿದ್ರೆ ಪುಡಿ. ಸ್ಪೀಕರನ್ನ ಒಂದು ದಿನಾನೂ ಹಾಡಿಸದೆ ಪ್ಯಾಕ್ ಮಾಡಿ ಇಟ್ಟಿದ್ರೂ ಪುಡಿ ಆಗುತ್ತೆ, ಅದಕ್ಕೇ ‘ಯೂಸೇ ಮಾಡಿಲ್ಲ ಸಾರ್, ಶೋಕೇಸಲ್ಲೇ ಇತ್ತು’ ಅನ್ನೋ ಮಾತಿಗೆ ಈ ವಿಷ್ಯದಲ್ಲಿ ಕಿಮ್ಮತ್ತಿಲ್ಲ.

ಇದನ್ನ ನಾನು ದುಡ್ಡು ಕೊಟ್ಟು ಕಲ್ತೆ. ಬೆಂಗಳೂರಿನ ಸಂಡೇ ಬಜಾರಲ್ಲಿ ಒಂದು ಭಾನುವಾರ ಬೆಳಿಗ್ಗೆ ದೊಡ್ಡ ಜೋಡಿ ಕಂಡಿತು, ನಿಜವಾದ ವಾಲ್ನಟ್ ಮರದ ಪಾಲಿಶು, ಮುಂದೆ ಕಪ್ಪು ಬಟ್ಟೆ ಜಾಲರಿ, ಅಷ್ಟು ಚಂದ. ಮಾರೋನು ಯಾವುದೋ ಆಂಪ್ಲಿಫೈಯರಿಗೆ ಸಿಕ್ಕಿಸಿ ಹಾಡಿಸಿಯೂ ತೋರಿಸಿದ, ರಸ್ತೆ ಗಲಾಟೆಯಲ್ಲಿ ಏನು ಕೇಳುತ್ತೆ ಹೇಳಿ, ಸದ್ದು ಬಂತು ಅಷ್ಟೆ. ಜಾಲರಿ ತೆಗೆದು ನೋಡೋಕೆ ನಾಚ್ಕೊಂಡೆ, ಏನೋ ಅನುಮಾನ ಪಟ್ಟ ಹಾಗೆ ಆಗುತ್ತೆ ಅಂತ. ಆಟೋದಲ್ಲಿ ಮನೆಗೆ ತಂದು ಜಾಲರಿ ಕಿತ್ರೆ ಒಂದು ಕಡೆ ಅಂಚು ಅರ್ಧ ಚಂದ್ರ ಥರ ಇಲ್ಲವೇ ಇಲ್ಲ, ಇನ್ನೊಂದು ಕಡೆದನ್ನ ಬೆರಳಿಂದ ಮೆಲ್ಲಗೆ ಒತ್ತಿದೆ, ಚಹಾದಲ್ಲಿ ಜಾಸ್ತಿ ಹೊತ್ತು ಅದ್ದಿದ ರಸ್ಕಿನ ಹಾಗೆ ಉದುರಿ ನೆಲದ ಮೇಲೆ ಕಪ್ಪು ಪುಡಿ. ಹೆಂಡತಿ ಪೊರಕೆ ತಂದು ಕೈಗೆ ಕೊಟ್ಟಳು, ಒಂದು ಮಾತೂ ಆಡ್ಲಿಲ್ಲ, ಬೈದಿದ್ರೇ ವಾಸಿ ಇತ್ತು.

ಹಾಗಾಗಿ ಟವರ್ ನೋಡೋಕೆ ಸಾಗರದಿಂದ ಬಸ್ ಹತ್ತೋಕೆ ಮುಂಚೆ ಮಾರೋರಿಗೆ ಒಂದು ಮೆಸೇಜ್ ಹಾಕಿ, ಜಾಲರಿ ತೆಗೆದು ವೂಫರಿನ ಅಂಚು ಹತ್ತಿರದಿಂದ ಟಾರ್ಚ್ ಬಿಟ್ಟು ಫೋಟೋ ಕಳಿಸಿ ಅಂತ. ಕಳ್ಸಲ್ಲ ಅಂದ್ರೆ ಉತ್ತರ ಸಿಕ್ಕ ಹಾಗೇ. ಫೋಮ್ ಆಗಿದ್ರೆ ಸಣ್ಣ ಸಣ್ಣ ತೂತಿನ ಸ್ಪಂಜಿನ ಮೇಲ್ಮೈ ಕಾಣುತ್ತೆ, ರಬ್ಬರು ನುಣುಪು, ಬಟ್ಟೆಯಲ್ಲಿ ನೇಯ್ಗೆ ಕಾಣುತ್ತೆ. ದೊಡ್ಡ ದೊಡ್ಡ ಹೆಸರಿನವರೂ ಫೋಮ್ ಹಾಕಿದ್ದಾರೆ, ಇನ್ಫಿನಿಟಿಯ ಹಳೇ ಸೀರೀಸು, ಅಡ್ವೆಂಟು, ಎಆರ್ 3ಎ, ಬೋಸ್ 301, ಆವಾಗ ಅದೇ ಒಳ್ಳೇ ಸಾಮಾನು, ಹಗುರ, ಮೆತ್ತಗೆ, ಬೇಸ್ ಚೆನ್ನಾಗಿ ಬರೋದು, 20 ವರ್ಷ ಆದ್ಮೇಲೆ ಯಾರು ಯೋಚ್ನೆ ಮಾಡ್ತಾರೆ. ಫೋಮ್ ಹೋಗಿದ್ರೆ ಸ್ಪೀಕರ್ ಸತ್ತಂಗೆ ಅಲ್ಲ, ಹೊಸ ಫೋಮ್ ಅಂಟಿಸೋರು ಬೆಂಗಳೂರಿನ ಎಸ್.ಪಿ. ರೋಡ್ ಸುತ್ತಮುತ್ತ ಸಿಗ್ತಾರೆ, ಆದ್ರೆ ಆ ಖರ್ಚನ್ನ ಮೊದ್ಲೇ ಫೋನಲ್ಲಿ ಕೇಳಿಟ್ಕೊಂಡು ಮಾರೋರ ರೇಟಿಂದ ಕಳೀಬೇಕು. 18 ಸಾವಿರ ಕೊಟ್ಟು ಅದರ ಮೇಲೆ ಅಂಚೂ ಹಾಕಿಸಿ, 30 ವರ್ಷದ ಕಂಡೆನ್ಸರೂ ಬದಲಿಸಿದ್ರೆ ನಿಮ್ಮ ಬಜೆಟ್ ಹರಿದುಹೋಗುತ್ತೆ.

ಟವರ್ ಪರವಾಗಿಯೂ ಒಂದು ಮಾತು ಹೇಳ್ಬೇಕು, ಇಲ್ಲಾಂದ್ರೆ ಅನ್ಯಾಯ. ಹಳೇ ದೊಡ್ಡ ಪೆಟ್ಟಿಗೆಗಳು ಸಾಮಾನ್ಯವಾಗಿ ಕಮ್ಮಿ ಪವರಿಗೆ ಜಾಸ್ತಿ ಸದ್ದು ಕೊಡ್ತವೆ, 25 ವ್ಯಾಟ್ ಆಂಪ್ಲಿಫೈಯರಿಗೆ ಅದು ಒಳ್ಳೇ ಜೋಡಿ. 12 ಇಂಚಿನ ಕೋನು ನಿಧಾನಕ್ಕೆ ಆಡಿದ್ರೂ ತಬಲಾದ ಎಡಗೈ ಎದೆಗೆ ಬಂದು ತಾಗುತ್ತೆ, ಆ ಮಜಾ ಚಿಕ್ಕದರಲ್ಲಿ ಇಲ್ಲ. ಆದ್ರೆ ನಿಮ್ಮ ರೂಮು ನೋಡಿ. ಯಾವ ರೂಮಿಗಾದ್ರೂ ಅದರ ಉದ್ದ ಅಗಲಕ್ಕೆ ತಕ್ಕ ಹಾಗೆ ಕೆಲವು ಸ್ವರಗಳ ಹುಚ್ಚು ಇರುತ್ತೆ. 14 ಅಡಿ ಗೋಡೆಗಳ ನಡುವೆ ಸುಮಾರು 40 ಹರ್ಟ್ಸ್ (ಹರ್ಟ್ಸ್ ಅಂದ್ರೆ ಸೆಕೆಂಡಿಗೆ ಎಷ್ಟು ಕಂಪನ ಅಂತ, ಕಮ್ಮಿ ಆದಷ್ಟು ಸ್ವರ ಕೆಳಗೆ), 12 ಅಡಿ ನಡುವೆ ಸುಮಾರು 47 ಹರ್ಟ್ಸ್, ಈ ಎರಡು ಜಾಗದಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡ್ಕೊಂಡು ಊದ್ಕೊಳ್ಳುತ್ತೆ. ಆರೂವರೆ ಇಂಚಿನ ಬುಕ್‌ಶೆಲ್ಫ್ ಅಷ್ಟು ಕೆಳಗೆ ಜೋರಾಗಿ ಹೋಗೋದೇ ಇಲ್ಲ, 50-60ರ ಹತ್ರ ಇಳಿಮುಖ ಆಗುತ್ತೆ, ಹಾಗಾಗಿ ಆ ರೋಗ ಜಾಸ್ತಿ ಕಾಣಲ್ಲ. ಟವರ್ ಇಳಿಯುತ್ತೆ, ಅದೂ ಜಾಗ ಇಲ್ಲ ಅಂತ ಮೂಲೆಗೆ ತಳ್ಳಿದ್ರೆ ಬೇಸ್ ಗಿಟಾರಿನ ಒಂದೊಂದು ಸ್ವರ ಮಾತ್ರ ಗುಮ್ಮ್ ಅಂತ ಎದ್ದು ಕೂರುತ್ತೆ, ಪಕ್ಕದ ರೂಮಲ್ಲಿ ಮಲಗಿದೋರಿಗೆ ಅದೊಂದೇ ಕೇಳುತ್ತೆ.

ಮತ್ತೆ ನೀವು ಕೇಳೋ ಸಂಗೀತಕ್ಕೆ ಅಷ್ಟು ಆಳ ಬೇಕಾ? ಗಂಡಸರ ದನಿ ಮಂದ್ರಕ್ಕೆ ಇಳಿದ್ರೂ 80 ಹರ್ಟ್ಸ್ ಕೆಳಗೆ ಹೋಗೋದು ಅಪರೂಪ. ಗಂಡಸರ ತಂಬೂರಿಯ ಖರ್ಜದ ತಂತಿ 70ರ ಆಸುಪಾಸು. ಮನ್ಸೂರರು 78 ಆರ್‌ಪಿಎಂ ಪ್ಲೇಟಿನ ಕಾಲದಲ್ಲಿ ಹಾಡಿದ್ದನ್ನ, ಕಾಳಿಂಗರಾಯರ ಭಾವಗೀತೆನ ಕೇಳ್ತೀರಿ ಅಂದ್ರೆ ಆ ರೆಕಾರ್ಡಿಂಗಲ್ಲೇ ಕೆಳಗಿನ ಬೇಸೂ ಇಲ್ಲ, ಮೇಲಿನ ಝಲಕೂ ಇಲ್ಲ, ಇರೋದೆಲ್ಲ ನಡುವೆ. ಆ ನಡುವಿನ ಜಾಗ, 100ರಿಂದ 4 ಸಾವಿರ ಹರ್ಟ್ಸ್, ದನಿ ಅನ್ನೋದು ಅಲ್ಲೇ ವಾಸ ಮಾಡೋದು, ಅದು ಚೊಕ್ಕ ಇರೋ ಸ್ಪೀಕರ್ ನಿಮಗೆ ಬೇಕು. ಮಗಳ ಹಾಡಲ್ಲಿ ಬೇಸ್ ಕಮ್ಮಿ ಆಯ್ತು ಅಂತ ಅವಳು ಮೂಗು ಮುರೀಬಹುದು, ಅದಕ್ಕೆ ಮುಂದೆ ಯಾವತ್ತಾದ್ರೂ ಒಂದು ಸಬ್‌ವೂಫರ್ ತಗೊಂಡ್ರಾಯ್ತು.

ವ್ಯಾಟಿನ ಬಗ್ಗೆ ತಲೆ ಕೆಡಿಸ್ಕೋಬೇಡಿ. ಸ್ಪೀಕರ್ ಹಿಂದೆ 100 ವ್ಯಾಟ್ ಅಂತ ಇದ್ರೆ ಅದು ತಡ್ಕೊಳ್ಳೋ ಮಿತಿ, ಅಷ್ಟು ಕೊಡಲೇಬೇಕು ಅಂತ ಅಲ್ಲ. 90ರ ದಶಕದಲ್ಲಿ ಟೇಪ್ ರೆಕಾರ್ಡರ್ ಮೇಲೆ ಸಾವಿರ ವ್ಯಾಟ್ ಪಿಎಂಪಿಓ ಅಂತ ಸ್ಟಿಕ್ಕರ್ ಇರ್ತಿತ್ತಲ್ಲ, ಅದು ಪಕ್ಕಾ ಜಾತ್ರೆ ಲೆಕ್ಕ. ನೋಡ್ಬೇಕಾದ್ದು ಸೆನ್ಸಿಟಿವಿಟಿ, ಅಂದ್ರೆ ಕೊಟ್ಟ ಪವರಿಗೆ ಎಷ್ಟು ಸದ್ದು ಅನ್ನೋದು, ಅದನ್ನ ಡೆಸಿಬೆಲ್ (ಡಿಬಿ) ಲೆಕ್ಕದಲ್ಲಿ ಬರೀತಾರೆ. 87 ಡಿಬಿ ಅಂತಿದ್ರೆ ಹೆಚ್ಚುಕಮ್ಮಿ 1 ವ್ಯಾಟಿಗೆ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. ವ್ಯಾಟ್ ಡಬಲ್ ಮಾಡಿದಾಗೆಲ್ಲ ಏರೋದು ಬರೀ 3 ಡಿಬಿ, ಹಾಗೆ ಲೆಕ್ಕ ಹಾಕಿದ್ರೆ ನಿಮ್ಮ 25 ವ್ಯಾಟಿಗೆ 101 ಡಿಬಿ, 3 ಮೀಟರ್ ದೂರ ಕೂತ್ರೆ ಎರಡೂ ಸ್ಪೀಕರ್ ಸೇರಿ ಸುಮಾರು 95. ಮನೇಲಿ ನಾವು ಕೇಳೋದು 70-75, ಅದಕ್ಕೆ 1 ವ್ಯಾಟೂ ಬೇಡ. 83, 84 ಡಿಬಿಯ ಪುಟ್ಟ ಸ್ಪೀಕರ್ ಆದ್ರೆ ಮಾತ್ರ ಸ್ವಲ್ಪ ಯೋಚ್ನೆ ಮಾಡಿ, ಸಣ್ಣ ಆಂಪ್ಲಿಫೈಯರನ್ನ ಪೂರ್ತಿ ತಿರುಗಿಸಿ ಸದ್ದು ಒಡೆಯೋ ತನಕ ಹೋದ್ರೆ ಮೊದ್ಲು ಸುಡೋದು ಟ್ವೀಟರು. ಅದಕ್ಕೇ ಮಾರೋರು ಯಾರು ಅನ್ನೋದೂ ಮುಖ್ಯ, ರಿಟೈರ್ಡ್ ಮೇಷ್ಟ್ರ ಮನೆಯ ಸ್ಪೀಕರೂ ಹುಡುಗರು ಪಾರ್ಟಿ ಮಾಡ್ತಿದ್ದ ಬಾಡಿಗೆ ರೂಮಿನ ಸ್ಪೀಕರೂ ಒಂದೇ ಅಲ್ಲ. ವೂಫರ್ ಹತ್ರ, ಪೋರ್ಟ್ ಅಂತ ತೂತು ಇರುತ್ತಲ್ಲ ಅಲ್ಲಿ ಮೂಗು ಇಟ್ಟು ನೋಡಿ, ಮೋಟರ್ ಸುಟ್ಟ ವಾಸನೆ ಬಂದ್ರೆ ಅವರು ಎಷ್ಟೇ ಆಣೆ ಹಾಕಲಿ ಎದ್ದು ಬನ್ನಿ.

ನೋಡೋಕೆ ಹೋಗುವಾಗ ಒಂದು ಬ್ಯಾಗಲ್ಲಿ ಟಾರ್ಚು, ಸ್ಕ್ರೂಡ್ರೈವರ್, ಮಲ್ಟಿಮೀಟರ್, ಒಂದು ಪೆನ್ಸಿಲ್ ಸೆಲ್ಲು, ಎರಡು ತುಂಡು ವೈರು, ಹಾಡು ತುಂಬಿದ ಫೋನು ಇಟ್ಕೊಳ್ಳಿ. ‘ಆಂಪ್ಲಿಫೈಯರ್ ಇಲ್ಲ ಸಾರ್, ಮನೇಲಿ ಚೆಕ್ ಮಾಡ್ಕೊಳ್ಳಿ’ ಅನ್ನೋರು ಬೇಕಾದಷ್ಟು ಜನ, ಅದಕ್ಕೆ ನಾನು ಟಿಪಿಎ 3116 ಚಿಪ್ಪಿನ ಒಂದು ಪುಟ್ಟ ಆಂಪ್ಲಿಫೈಯರ್ ಬೋರ್ಡು, ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರು ಒಯ್ತೀನಿ, ಎಸ್.ಪಿ. ರೋಡಲ್ಲಿ ಆ ಬೋರ್ಡು ಕೆಲವೇ ನೂರು ರೂಪಾಯಿ, ಜೇಬಲ್ಲಿ ಹಿಡಿಯುತ್ತೆ.

ಮೊದ್ಲು ಕೈಯಿಂದ. ಎರಡೂ ಕೈಯ ಬೆರಳುಗಳನ್ನ ವೂಫರಿನ ಮೇಲೆ ಸುತ್ತ ಸಮನಾಗಿ ಇಟ್ಟು, ಚಪಾತಿ ಹಿಟ್ಟು ಒತ್ತಿದಂಗೆ ಅಲ್ಲ, ಮಗುವಿನ ಹೊಟ್ಟೆ ಮುಟ್ಟಿದಂಗೆ ಮೆಲ್ಲಗೆ ಒಳಗೆ ತಳ್ಳಿ. ಸದ್ದಿಲ್ಲದೆ ಹೋಗಿ ವಾಪಸ್ ಬರ್ಬೇಕು. ಕಿರ್ ಅಂತ ಉಜ್ಜಿದ ಸದ್ದು ಬಂದ್ರೆ ಕಾಯಿಲು ಮ್ಯಾಗ್ನೆಟ್ಟಿಗೆ ತಾಗ್ತಿದೆ ಅಂತ. ಕಾಯಿಲ್ ಸುಟ್ಟು ಉಬ್ಬಿರಬಹುದು, ಇಲ್ಲಾ ಯಾವಾಗಲೋ ಕೆಳಗೆ ಬಿದ್ದು ಮ್ಯಾಗ್ನೆಟ್ಟು ಜರುಗಿರಬಹುದು. ಆ ಜೋಡಿ ಬಿಟ್ಟುಬಿಡಿ. ಮಕ್ಕಳು ಬೆರಳು ಚುಚ್ಚಿ ಟ್ವೀಟರಿನ ಗುಮ್ಮಟ ಒಳಗೆ ಹೋಗಿದ್ರೆ, ರೇಷ್ಮೆ ಥರದ ಬಟ್ಟೇದಾದ್ರೆ ಸೆಲ್ಲೋ ಟೇಪ್ ಅಂಟಿಸಿ ಎಳೆದ್ರೆ ಎಷ್ಟೋ ಸಲ ವಾಪಸ್ ಬರುತ್ತೆ, ಲೋಹದ್ದಾದ್ರೆ ಆ ತಗ್ಗು ಹೋಗಲ್ಲ.

ಆಮೇಲೆ ಮೀಟರ್. ಹಿಂದಿನ ಕೆಂಪು ಕಪ್ಪು ಟರ್ಮಿನಲ್ ನಡುವೆ ಓಮ್ ಅಳೆದ್ರೆ 8 ಓಮಿನ ಸ್ಪೀಕರ್ ಐದೂವರೆಯಿಂದ 7 ತೋರಿಸುತ್ತೆ, ಅದು ಸರಿ. ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಬರ್ಬೇಕು. ಇಲ್ಲಿ ಬಹಳ ಜನ ಮೋಸ ಹೋಗ್ತಾರೆ, ಮೀಟರ್ ಸರಿ ತೋರಿಸ್ತು ಅಂದ್ರೆ ವೂಫರ್ ಬದುಕಿದೆ ಅಂತ ಅಷ್ಟೆ, ಯಾಕಂದ್ರೆ ಟ್ವೀಟರಿನ ದಾರಿಯಲ್ಲಿ ಕಂಡೆನ್ಸರ್ ಕೂತಿರುತ್ತೆ, ಮೀಟರಿನ ಕರೆಂಟು ಅದನ್ನ ದಾಟಲ್ಲ. ಪೆನ್ಸಿಲ್ ಸೆಲ್ಲಿನ ಮೈನಸ್ಸನ್ನ ಕಪ್ಪಿಗೆ ಹಿಡಿದು ಪ್ಲಸ್ಸನ್ನ ಕೆಂಪಿಗೆ ಒಂದು ಕ್ಷಣ ತಾಗಿಸಿ ಬಿಡಿ, ವೂಫರ್ ಮುಂದೆ ಜಿಗೀಬೇಕು. ಹಳೇ ಕೆಲವು ಜೆಬಿಎಲ್ಲಿನಲ್ಲಿ ಉಲ್ಟಾ, ಒಳಗೆ ಹೋಗುತ್ತೆ, ಪರ್ವಾಗಿಲ್ಲ, ಎರಡೂ ಒಂದೇ ದಿಕ್ಕಿಗೆ ಹೋದ್ರೆ ಸಾಕು. ಒಂದು ಮುಂದೆ ಒಂದು ಹಿಂದೆ ಹೋದ್ರೆ ಒಳಗೆ ಯಾರೋ ಕೈಯಾಡಿಸಿ ವೈರ್ ಅದಲು ಬದಲು ಮಾಡಿದ್ದಾರೆ ಅಂತ ಅರ್ಥ.

ಟ್ವೀಟರಿಗೆ ಕಿವಿಯೇ ಮೀಟರು. ಮೆಲ್ಲಗೆ ಹಾಡಿಸಿ ಕಿವಿ ಅದರ ಪಕ್ಕ ಇಡಿ, ನ್ಯೂಸ್ ಪೇಪರ್ ಸುರುಳಿ ಸುತ್ತಿ ಕಿವಿಗೆ ಹಿಡ್ಕೊಂಡ್ರೆ ಇನ್ನೂ ಸ್ಪಷ್ಟ. ಭಜನೆ ತಾಳ, ಇಲ್ಲಾ ಕಛೇರಿಯ ಚಪ್ಪಾಳೆ ಹಾಕಿ. ಒಳ್ಳೇ ಟ್ವೀಟರಲ್ಲಿ ಚಪ್ಪಾಳೆ ಚಪ್ಪಾಳೆ ಥರಾನೇ ಇರುತ್ತೆ, ಕೆಟ್ಟದರಲ್ಲಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ. ಎರಡೂ ಸ್ಪೀಕರಿಗೆ ಒಂದೊಂದಾಗಿ ಕಿವಿ ಕೊಟ್ಟು ಹೋಲಿಸಿ, ಒಂದರಲ್ಲಿ ತಾಳ ಮಂಕಾಗಿದ್ರೆ ಕಂಡೆನ್ಸರ್ ಒಣಗಿರಬಹುದು, ಹಾಗಿದ್ರೆ ಅದು ಚಿಲ್ಲರೆ ಖರ್ಚಿನ ರಿಪೇರಿ, ಬೇಕಂದ್ರೆ ರೇಟ್ ಇಳಿಸೋಕೆ ಬಳಸ್ಕೊಳ್ಳಿ. ಫೋನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕ್ಕೊಂಡು 40 ಹರ್ಟ್ಸಿಂದ 300ರ ತನಕ ನಿಧಾನಕ್ಕೆ ಏರಿಸಿ, ಸದ್ದು ಸಣ್ಣಗೇ ಇರಲಿ, ನಡುವೆ ಎಲ್ಲಾದ್ರೂ ಗರ್ ಅಂತ ನಡುಗಿದ್ರೆ ಸಡಿಲ ಸ್ಕ್ರೂ, ಬಿರುಕು ಬಿಟ್ಟ ಪೆಟ್ಟಿಗೆ, ಉಜ್ಜೋ ಕಾಯಿಲು, ಮೂರರಲ್ಲಿ ಒಂದು. ಸ್ಕ್ರೂ ಬಿಗಿ ಮಾಡಿ ಇನ್ನೊಂದ್ಸಲ ನೋಡಿ.

ಇಷ್ಟೆಲ್ಲ ಆದ್ಮೇಲೆ ನನ್ನ ಇಷ್ಟದ ಪರೀಕ್ಷೆ. 1950ರ ದಶಕದ ನಮ್ಮ ಯಾವುದಾದ್ರೂ ಸಿನಿಮಾ ಹಾಡು ಹಾಕಿ, ಆಗಿನವು ಹೆಚ್ಚುಕಮ್ಮಿ ಎಲ್ಲಾ ಮೋನೋ, ಅಂದ್ರೆ ಎರಡೂ ಸ್ಪೀಕರಿಗೆ ಹೋಗೋದು ಅದೇ ಸಿಗ್ನಲ್. ಎರಡು ಸ್ಪೀಕರಿಗೂ ಸಮ ದೂರದಲ್ಲಿ ನಡುವೆ ಕೂತ್ಕೊಂಡು ಕಣ್ಣು ಮುಚ್ಚಿ. ಹಾಡೋರು ಎರಡು ಪೆಟ್ಟಿಗೆಯ ನಡುವೆ, ಖಾಲಿ ಜಾಗದಲ್ಲಿ, ಒಂದು ತೆಂಗಿನಕಾಯಿ ಅಗಲದಲ್ಲಿ ಬಂದು ನಿಲ್ಲಬೇಕು. ನಿಂತ್ರೆ ಎರಡೂ ಸ್ಪೀಕರ್ ಒಂದೇ ಥರ ಹಾಡ್ತಿವೆ, ಜೋಡಿ ಸಾಚಾ. ದನಿ ಗೋಡೆ ತುಂಬ ಹರಡಿ ತಲೆ ಎಲ್ಲಿ ಕಾಲು ಎಲ್ಲಿ ಗೊತ್ತಾಗದೆ ಹೋದ್ರೆ ಒಂದು ಸ್ಪೀಕರಿನ ಕೆಂಪು ಕಪ್ಪು ವೈರ್ ಉಲ್ಟಾ ಆಗಿದೆಯಾ ನೋಡಿ. ಒಂದು ಕಡೆ ವಾಲಿದ್ರೆ ಎಡ ಬಲದ ವೈರ್ ಅದಲು ಬದಲು ಮಾಡಿ ಇನ್ನೊಂದ್ಸಲ ಕೇಳಿ, ಅದೇ ಪೆಟ್ಟಿಗೆ ಕಡೆ ವಾಲೋದು ಮುಂದುವರಿದ್ರೆ ದೋಷ ಸ್ಪೀಕರಲ್ಲಿ, ಇನ್ನೊಂದಕ್ಕೆ ಹೋದ್ರೆ ಆಂಪ್ಲಿಫೈಯರಲ್ಲಿ. ದುಬಾರಿ ಸ್ಟೀರಿಯೋ ಸೀಡಿ ಹಾಕಿ ಟೆಸ್ಟ್ ಮಾಡೋರಿಗೆ ಇದು ಗೊತ್ತಾಗಲ್ಲ, ಅದರಲ್ಲಿ ವಾದ್ಯ ಅಲ್ಲೊಂದು ಇಲ್ಲೊಂದು ಇರ್ತವಲ್ಲ, ತಪ್ಪು ಮುಚ್ಚಿಹೋಗುತ್ತೆ.

ಒಂದು ಕಡೆ ವೂಫರ್ ಯಾರೋ ಬದಲಿಸಿದ್ರೂ ಹೀಗಾಗುತ್ತೆ. ‘ಅದೇ ಸೈಜಿಂದು ಹೊಸದು ಹಾಕ್ಸಿದೀವಿ ಸಾರ್’ ಅಂತ ಹೆಮ್ಮೆಯಿಂದ ಹೇಳ್ತಾರೆ. ಸೈಜ್ ಒಂದೇ ಆದ್ರೆ ಆಗಲ್ಲ, ಪೆಟ್ಟಿಗೆಯ ಅಳತೆ, ಪೋರ್ಟಿನ ಉದ್ದ ಎಲ್ಲ ಆ ಒಂದೇ ವೂಫರಿನ ಗುಣಕ್ಕೆ ಲೆಕ್ಕ ಹಾಕಿ ಕೂರಿಸಿರ್ತಾರೆ, ಬೇರೆ ಡಗ್ಗಾದ ಚರ್ಮದ ಹೊದಿಕೆ ತಂದು ಇದಕ್ಕೆ ಬಿಗಿದ್ರೆ ಸ್ವರ ಕೂರುತ್ತಾ? ಟಾರ್ಚ್ ಬಿಟ್ಟು ಎರಡೂ ಕೋನಿನ ಬಣ್ಣ, ನಡುವಿನ ಟೋಪಿ, ಸ್ಕ್ರೂ ತಲೆಗಳ ಗಾಯ ನೋಡಿ, ಪೆಟ್ಟಿಗೆ ಹಿಂದಿನ ಸೀರಿಯಲ್ ನಂಬರ್ ಅಕ್ಕಪಕ್ಕದ್ದಾ ನೋಡಿ.

ಬುಕ್‌ಶೆಲ್ಫ್ ಹಿಂದೆ ಎರಡರ ಬದಲು ನಾಕು ಟರ್ಮಿನಲ್ ಇದ್ರೆ ಹೆದರ್ಬೇಡಿ, ಮೇಲಿನ ಜೋಡಿ ಟ್ವೀಟರಿಗೆ ಕೆಳಗಿನ ಜೋಡಿ ವೂಫರಿಗೆ, ನಡುವೆ ಹಿತ್ತಾಳೆ ಪಟ್ಟಿ ಸೇರಿಸಿರುತ್ತೆ. ಒಂದ್ಸಲ ಒಬ್ರು ‘ಎರಡೂ ಟ್ವೀಟರ್ ಹೋಗಿದೆ’ ಅಂತ ಅರ್ಧ ರೇಟಿಗೆ ಕೊಟ್ರು, ಮನೇಗೆ ತಂದು ನೋಡಿದ್ರೆ ಆ ಪಟ್ಟಿಗಳು ಎಲ್ಲೋ ಕಳೆದುಹೋಗಿವೆ ಅಷ್ಟೆ, ಎರಡು ತುಂಡು ವೈರ್ ಹಾಕಿದೆ, ಕೋಗಿಲೆ ಥರ ಹಾಡಿತು. ಅವರಿಗೆ ಫೋನ್ ಮಾಡಿ ಹೇಳ್ಬೇಕಿತ್ತಾ ಅಂತ ಇವತ್ತಿಗೂ ಸ್ವಲ್ಪ ಕೊರೆಯುತ್ತೆ, ಸಂಡೇ ಬಜಾರಲ್ಲಿ ಕಳ್ಕೊಂಡಿದ್ದು ಇಲ್ಲಿ ಬಂತು ಅಂತ ಸಮಾಧಾನ ಮಾಡ್ಕೊಂಡಿದೀನಿ.

ಬ್ರ್ಯಾಂಡ್ ಹೆಸರು ನೀವು ಬರೆದಿಲ್ಲ. ಈಚಿನ 10-15 ವರ್ಷದ ಬುಕ್‌ಶೆಲ್ಫ್ ಆದ್ರೆ ಬಹುಪಾಲು ರಬ್ಬರ್ ಅಂಚು, ವಾರ್ಫ್‌ಡೇಲ್ ಡೈಮಂಡ್, 2015ರಲ್ಲಿ ಬಂದ ಎಲಾಕ್ ಡೆಬ್ಯೂ ಬಿ6, ಕ್ಯೂ ಅಕೌಸ್ಟಿಕ್ಸ್ 3020 ಇಂಥವು, ಯಾವುದಾದ್ರೂ ನಿಮ್ಮ ರೂಮಿಗೆ ನಡೆಯುತ್ತೆ, ಬಿ6, 3020 ಥರದ ಕೆಲವು 6 ಓಮ್, ಮಿತವಾಗಿ ಕೇಳಿದ್ರೆ ನಿಮ್ಮ ಆಂಪ್ಲಿಫೈಯರಿಗೆ ತೊಂದ್ರೆ ಇಲ್ಲ. ಕಲ್ಕತ್ತದ ಸೋನೋಡೈನ್ ಸಿಕ್ಕಿದ್ರೂ ಬೇಡ ಅನ್ಬೇಡಿ. ಹೆಸರು ಕೇಳಿ ಜಾಸ್ತಿ ದುಡ್ಡು ಬಿಚ್ಚೋದು ಮಾತ್ರ ಬೇಡ. ಬಿಳೀ ಕೋನಿನ ಯಮಹಾ ಎನ್‌ಎಸ್-10 ಅಂತ 1978ರಿಂದ ಸ್ಟುಡಿಯೋಗಳಲ್ಲಿ ಪ್ರಸಿದ್ಧ, ಅದು ರೆಕಾರ್ಡಿಂಗಿನ ತಪ್ಪು ಹುಡುಕೋಕೆ ಚೆನ್ನ, ರೆಕಾರ್ಡಿಂಗ್ ಇಂಜಿನಿಯರ್‌ಗಳೇ ಅದರ ಟ್ವೀಟರ್ ಮೇಲೆ ಟಿಶ್ಯೂ ಪೇಪರ್ ಅಂಟಿಸ್ಕೊಂಡು ಕೇಳ್ತಿದ್ರು, ಸಂಜೆ ಕೂತು ಖಯಾಲ್ ಕೇಳೋಕೆ ಅಲ್ಲ. ಬೋಸ್ 901 ಅಂತ ಇನ್ನೊಂದು, 1968ರಲ್ಲಿ ಶುರುವಾದದ್ದು, ಒಂದೊಂದರಲ್ಲಿ 9 ಪುಟ್ಟ ಸ್ಪೀಕರು, 8 ಗೋಡೆ ಕಡೆ ಮುಖ ಮಾಡಿರ್ತವೆ. ಅದಕ್ಕೆ ಅದರದ್ದೇ ಈಕ್ವಲೈಸರ್ ಡಬ್ಬಿ ಇರಲೇಬೇಕು, ಅದಿಲ್ಲದೆ ಬರೀ ಪೆಟ್ಟಿಗೆ ಮಾರೋರ ಹತ್ರ ತಗೊಂಡ್ರೆ ಬೇಸೂ ಇಲ್ಲ ಟ್ರೆಬಲ್ಲೂ ಇಲ್ಲ.

ನಿಮ್ಮದು ಮಲೆನಾಡಾದ್ರಿಂದ ಇನ್ನೊಂದು ಕಣ್ಣು ಪೆಟ್ಟಿಗೆ ಮೇಲಿರಲಿ. ಈಗಿನವೆಲ್ಲ ಎಂಡಿಎಫ್, ಅಂದ್ರೆ ಮರದ ನಾರು ಒತ್ತಿ ಮಾಡಿದ ಹಲಗೆ, ಒಂದ್ಸಲ ನೀರು ಕುಡಿದ್ರೆ ನೆನೆಸಿದ ಅವಲಕ್ಕಿ. ಕೆಳಗಿನ ಮೂಲೆಗಳನ್ನ ಬೆರಳಿಂದ ಸವರಿ, ಉಬ್ಬಿದ್ರೆ ನೆಲ ಒರೆಸೋ ನೀರು ತಾಗಿದೆ. ಮನೇಲೂ ಹೊರಗೋಡೆಗೆ ಆನಿಸಿ ಇಡಬೇಡಿ, ಆಷಾಢದಲ್ಲಿ ಆ ಗೋಡೆ ಬೆವರುತ್ತೆ, ಹಿಂಭಾಗಕ್ಕೆ ಬೂಷ್ಟು ಬರುತ್ತೆ. ಪೋರ್ಟಿನ ತೂತಿಗೆ ಒಳಗಡೆಯಿಂದ ಸ್ಟೀಲ್ ಜಾಲರಿ ತುಂಡು ಹಾಕಿ, ನಿಮ್ಮ ಇಲಿಗಳಿಗೆ ರುಚಿ ಗೊತ್ತಾಗಿದೆ.

ಉಳಿದ ದುಡ್ಡಲ್ಲಿ ಸ್ಟ್ಯಾಂಡ್ ಮಾಡಿಸಿ. ಬುಕ್‌ಶೆಲ್ಫ್ ಅಂತ ಹೆಸರಿದೆ ಅಂತ ಗೋಡೆಗೂಡಿನಲ್ಲಿ, ಟೀವಿ ಶೋಕೇಸಲ್ಲಿ ತುರುಕಬೇಡಿ, ದನಿ ಗಡಿಗೆಯೊಳಗಿಂದ ಬಂದಂಗೆ ಆಗುತ್ತೆ. ಟ್ವೀಟರು ನೀವು ಕೂತಾಗ ಕಿವಿಯ ಎತ್ತರಕ್ಕೆ ಬರ್ಬೇಕು, ಕುರ್ಚಿ ಆದ್ರೆ ಸುಮಾರು 3 ಅಡಿ, ಜಮಖಾನ ಮೇಲೆ ಕೂತು ಕೇಳೋರಾದ್ರೆ ಇನ್ನೂ ಕೆಳಗೆ. ವೆಲ್ಡಿಂಗ್ ಶಾಪಲ್ಲಿ ಮಾಡಿಸಬಹುದು, ಅದೂ ಬೇಡ ಅಂದ್ರೆ ಸಿಮೆಂಟ್ ಬ್ಲಾಕ್ ಜೋಡಿಸಿ ಮೇಲೊಂದು ಕಡಪ ಕಲ್ಲು, ಅದರ ಮೇಲೆ ಸೈಕಲ್ ಟ್ಯೂಬಿನ ನಾಕು ತುಂಡು, ಅದರ ಮೇಲೆ ಸ್ಪೀಕರ್. ನನ್ನ ಮನೇಲಿ 8 ವರ್ಷದಿಂದ ಹೀಗೇ ಇದೆ, ಬಂದೋರು ನಗ್ತಾರೆ, ಹಾಡು ಶುರುವಾದ್ಮೇಲೆ ನಗಲ್ಲ. ಎರಡರ ನಡುವೆ 6-7 ಅಡಿ, ಹಿಂಗೋಡೆಯಿಂದ ಒಂದೊಂದೂವರೆ ಅಡಿ ಮುಂದೆ. ಬೇಸ್ ಜಾಸ್ತಿ ಅನಿಸಿದ್ರೆ ಹಿಂದಿನ ಪೋರ್ಟಿಗೆ ಒಂದು ಕಾಲುಚೀಲ ತುರುಕಿ. ರೆಡ್ ಆಕ್ಸೈಡ್ ನೆಲ, ಬರೀ ಗೋಡೆ ಆದ್ರೆ ದನಿ ಒಡೆದು ಮೊಳಗುತ್ತೆ, ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ. ವೈರಿಗೆ ಸಾವಿರಗಟ್ಟಲೆ ಸುರೀಬೇಡಿ, ಎಲೆಕ್ಟ್ರಿಕಲ್ ಅಂಗಡಿಯ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು 5 ಮೀಟರ್ ಓಟಕ್ಕೆ ಬೇಕಾದಷ್ಟಾಯ್ತು.

ರೇಟು: 9 ಸಾವಿರ ಕೇಳಿದಾರೆ ಅಂದ್ರೆ ಎಲ್ಲಾ ಪಾಸಾದ್ರೆ 8ಕ್ಕೆ ಮಾತಾಡಿ, ಒರಿಜಿನಲ್ ಡಬ್ಬ ಥರ್ಮೊಕೋಲ್ ಇದ್ರೆ ಪೂರ್ತಿ 9 ಕೊಟ್ರೂ ತಪ್ಪಿಲ್ಲ, ಅದು ನಿಮಗೆ ಮುಂದೆ ಬೇಕಾಗುತ್ತೆ.

ಇನ್ನು ಇಲಿ ತಿಂದ ಜೋಡಿ. ಕೋನು ಮಾತ್ರ ಹೋಗಿದ್ದು, ಕಾಯಿಲು ಮ್ಯಾಗ್ನೆಟ್ಟು ಟ್ವೀಟರು ಪೆಟ್ಟಿಗೆ ಇದ್ರೆ ಅದನ್ನ ರಿಕೋನ್ ಮಾಡಿಸಬಹುದು, ಅಂದ್ರೆ ಹೊಸ ಕೋನು ಕೂರಿಸೋದು. ಮೀಟರ್ ಇಟ್ಟು ವೂಫರ್ ಓಮ್ ತೋರಿಸುತ್ತಾ ನೋಡಿ, ತೋರಿಸಿದ್ರೆ ಬೆಂಗಳೂರಿಗೆ ಹೋಗುವಾಗ ಬರೀ ವೂಫರ್ ಬಿಚ್ಚಿ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ, ಎರಡನ್ನೂ ಒಟ್ಟಿಗೇ ಮಾಡಿಸಿ, ಒಂದೇ ಥರ ಕೋನು ಹಾಕ್ಸಿ. ಮೊದಲಿನ ಹಾಗೇ ಹಾಡುತ್ತೆ ಅಂತ ನಾನು ಮಾತು ಕೊಡಲ್ಲ, ಆದ್ರೆ ಅಪ್ಪ ಆ ಆಂಪ್ಲಿಫೈಯರಿಗೆ ಅಂತಲೇ ತಂದಿದ್ದ ಸ್ಪೀಕರ್ ಅವು.

ವಾಪಸ್ ತರುವಾಗ ಬಸ್ಸಿನ ಡಿಕ್ಕಿಗೆ ಹಾಕ್ಬೇಡಿ, ರಸ್ತೆಯ ಒಂದು ಕುಲುಕಾಟಕ್ಕೆ ಮ್ಯಾಗ್ನೆಟ್ಟು ಜರುಗಿದ್ರೆ ಇಷ್ಟು ಹೊತ್ತು ನೋಡಿದ್ದೆಲ್ಲ ದಂಡ. ರೈಲಿಗೆ ಬನ್ನಿ, ಸಾಗರದ ತನಕ ರೈಲಿದೆಯಲ್ಲ. ಎರಡು ಸ್ಪೀಕರನ್ನ ಎದುರುಬದುರು ಮುಖ ಮಾಡಿ ನಡುವೆ ಒಂದು ದಪ್ಪ ರಟ್ಟು ಇಟ್ಟು, ಹಳೇ ಕಂಬಳಿ ಸುತ್ತಿ ಹಗ್ಗ ಬಿಗಿದು ಸೀಟಿನ ಕೆಳಗೆ ನಿಮ್ಮ ಕಾಲ ಹತ್ರಾನೇ ಇಟ್ಕೊಳ್ಳಿ. ಪಕ್ಕದೋರು ಅದರ ಮೇಲೆ ಟಿಫನ್ ಕ್ಯಾರಿಯರ್ ಇಡೋಕೆ ಬಂದ್ರೆ ಬೇಡ ಅನ್ನಿ.